ನೀರುಗಂಟಿಯ ಡೈರಿ ಮತ್ತು ಇನ್ನೂರು ಸೊಳ್ಳೆ

ನಮ್ಮೂರು ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯಲ್ಲಿದೆ. ಹೆಸರು ಬೇಡ, ಊರಿನವರಿಗೆ ಬೇಜಾರಾಗುತ್ತದೆ. ಹಾಸನ ಅಂದ ಕೂಡಲೇ ಕೆಲವರಿಗೆ ಸಕಲೇಶಪುರದ ಮಳೆ, ಕಾಫಿ ತೋಟ ನೆನಪಾಗುತ್ತವೆ. ನಮ್ಮ ಕಡೆ ಹಾಗಲ್ಲ. ಇಲ್ಲಿ ತೆಂಗು, ರಾಗಿ, ಕೊಬ್ಬರಿ, ಆಳದ ಬೋರ್‌ವೆಲ್. ಆ ವರ್ಷ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಹತ್ತು ದಿನಕ್ಕೊಮ್ಮೆ. ಈ ಹತ್ತು ದಿನ ಅನ್ನೋದನ್ನು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಕೊನೆಗೆ ಬಂದು ನಿಂತದ್ದು ಅಲ್ಲೇ.

2024ರ ಮಳೆಗಾಲ. ರಾಜ್ಯದಲ್ಲೆಲ್ಲ ಡೆಂಗಿ ಜೋರಾಗಿತ್ತು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡವನ್ನೂ ಗೊತ್ತು ಮಾಡಿತು. ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ಹಳ್ಳಿಯಲ್ಲಿ 200 ರೂಪಾಯಿ, ಪೇಟೆಯಲ್ಲಿ 400. ನಮ್ಮೂರಿನಲ್ಲಿ ಅದಕ್ಕೂ ಮೊದಲೇ ಮೇಲಿನ ಬೀದಿಯಲ್ಲಿ ಒಂದೆರಡು ಮಕ್ಕಳಿಗೆ ಜ್ವರ ಬಂದು, ಎನ್‌ಎಸ್1 ಟೆಸ್ಟ್‌ನಲ್ಲಿ ಡೆಂಗಿ ಅಂತ ಗೊತ್ತಾಗಿತ್ತು. ಪಂಚಾಯಿತಿಯಲ್ಲಿ ಸಭೆ ಸೇರಿದರು. ಇದ್ದದ್ದು ಸ್ವಲ್ಪ ದುಡ್ಡು, ಸ್ವಲ್ಪ ಆಳು. ಹೊಗೆ ಹೊಡೆಸಬೇಕೋ, ಮನೆ ಮನೆ ತೊಟ್ಟಿ ನೋಡಿಸಬೇಕೋ? ಸಭೆಯಲ್ಲಿ ಬಹುತೇಕ ಎಲ್ಲರೂ ಹೊಗೆ ಅಂದರು. ಹೊಗೆ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಮೆಷಿನ್ ಬೀದಿಯಲ್ಲಿ ಬಂತು ಅಂದರೆ ಏನೋ ನಡೀತಾ ಇದೆ ಅಂತ ಜನಕ್ಕೆ ಸಮಾಧಾನ.

ನಾನು ನಿವೃತ್ತ ಗಣಿತದ ಮೇಷ್ಟ್ರು. ಸುಮ್ನೆ ಕೂರಲಾರದೆ "ಲೆಕ್ಕ ಹಾಕಿ ನೋಡೋಣ" ಅಂದುಬಿಟ್ಟೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಿಕೊಂಡು ಊರಲ್ಲಿದ್ದ. ಅವನನ್ನು ಹಿಡಿದೆ. "ಸಾರ್, ಮೊದಲು ಎಕ್ಸೆಲ್‌ನಲ್ಲೇ ಮಾಡೋಣ, ಆಮೇಲೆ ಬೇಕಾದ್ರೆ ಪೈಥಾನ್ ಭಾಷೇಲಿ ಪ್ರೋಗ್ರಾಂ ಬರೆಯೋಣ" ಅಂದ. ಹಾಗೇ ಶುರುವಾಯಿತು.

ಇನ್ನೂರು ಸೊಳ್ಳೆಯ ಊರು

ಸಿಮ್ಯುಲೇಶನ್ ಅಂದರೆ ದೊಡ್ಡ ಮಾತೇನಲ್ಲ. ಊರಿನ ಒಂದು ಬೀದಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಂದೊಂದು ದಿನವಾಗಿ ಮುಂದೆ ನಡೆಸುವುದು. ನಮ್ಮ ಮೊದಲ ಬೀದಿಯಲ್ಲಿ ಜನರೇ ಇರಲಿಲ್ಲ, ಬರೀ ಸೊಳ್ಳೆ. ದಿನಕ್ಕೆ 20 ಹೊಸ ಸೊಳ್ಳೆ ಹುಟ್ಟುತ್ತವೆ, ಇರುವುದರಲ್ಲಿ ನೂರಕ್ಕೆ ಹತ್ತು ಸಾಯುತ್ತವೆ ಅಂತ ಹಿಡಿದೆವು. ಹಾಗಾದರೆ ಎಣಿಕೆ 200ರಲ್ಲಿ ನಿಲ್ಲುತ್ತದೆ. ಸಾಯುವುದೂ 20, ಹುಟ್ಟುವುದೂ 20. ಇವೆಲ್ಲ ನಾವು ಹಿಡಿದ ಅಂಕಿಗಳು, ಅಳೆದವಲ್ಲ.

ಈಗ ಹೊಗೆ ಹೊಡೆಯೋಣ. ಒಂದೇ ಸಲಕ್ಕೆ ಅರ್ಧ ಸೊಳ್ಳೆ ಸತ್ತವು ಅನ್ನಿ. 200 ಇದ್ದದ್ದು 100 ಆಯಿತು. ಆದರೆ ತೊಟ್ಟಿಯೊಳಗಿನ ಮರಿಗೆ ಹೊಗೆ ತಾಗುವುದಿಲ್ಲ. ದಿನಾ 20 ಬರುತ್ತಲೇ ಇರುತ್ತವೆ. ಒಂದು ವಾರಕ್ಕೆ 152. ಎರಡು ವಾರಕ್ಕೆ 177. ಮೂರು ವಾರಕ್ಕೆ 189.

ಇನ್ನೊಂದು ಹಾಳೆಯಲ್ಲಿ ಹೊಗೆ ಬಿಟ್ಟು ತೊಟ್ಟಿ ಹಿಡಿದೆವು. ಹುಟ್ಟುವ ಜಾಗದಲ್ಲಿ ನೂರಕ್ಕೆ ಎಪ್ಪತ್ತು ಕಡಿಮೆ ಮಾಡಿದರೆ ದಿನಕ್ಕೆ 20ರ ಬದಲು 6 ಸೊಳ್ಳೆ. ಇಲ್ಲಿ ಮೊದಲ ದಿನ ಏನೂ ಆದ ಹಾಗೆ ಕಾಣುವುದಿಲ್ಲ. ಮೂರನೇ ದಿನಕ್ಕೆ ಇನ್ನೂ 162 ಸೊಳ್ಳೆ, ಹೊಗೆಯ ಹಾಳೆಯಲ್ಲಿ 127. ಐದನೇ ದಿನ ಎರಡೂ ಹೆಚ್ಚುಕಡಿಮೆ ಸಮ. ಅಲ್ಲಿಂದಾಚೆ ತೊಟ್ಟಿ ಗೆಲ್ಲುತ್ತದೆ. ವಾರಕ್ಕೆ 127, ಎರಡು ವಾರಕ್ಕೆ 92, ಮೂರು ವಾರಕ್ಕೆ 75.

ಸಭೆಯಲ್ಲಿ ನಾನು ತೋರಿಸಿದ್ದು ಈ ಎರಡು ಗೆರೆಗಳ ಚಿತ್ರ ಮಾತ್ರ. ಎರಡೂ ಗೆರೆ ಐದನೇ ದಿನ ಒಂದನ್ನೊಂದು ದಾಟುವ ಜಾಗಕ್ಕೆ ಬೆರಳಿಟ್ಟು ಪಿಡಿಒ ಕೇಳಿದರು: "ವಾರ ವಾರ ಹೊಗೆ ಹೊಡೆದರೆ?" ಒಳ್ಳೆಯ ಪ್ರಶ್ನೆ. ಹಾಕಿ ನೋಡಿದೆವು. ಎಣಿಕೆ 69ಕ್ಕೂ 137ಕ್ಕೂ ನಡುವೆ ಓಲಾಡುತ್ತಲೇ ಇರುತ್ತದೆ. ನಿಲ್ಲಿಸಿದ ದಿನದಿಂದ ಮತ್ತೆ 200ರ ಕಡೆ. ಒಂದು ಮೆಷಿನ್ನನ್ನು ಹತ್ತಾರು ಊರು ಹಂಚಿಕೊಳ್ಳುವ ಕಡೆ ವಾರ ವಾರ ಅನ್ನೋದು ಕನಸಿನ ಮಾತು.

ಹಾಗಂತ ಹೊಗೆ ದಂಡ ಅಂತ ನಾನು ಹೇಳಲಾರೆ. ಯಾಕೆ ಅಂತ ಮುಂದಿನ ಲೆಕ್ಕ ಹೇಳಿತು.

ಮುದಿ ಸೊಳ್ಳೆಯ ಲೆಕ್ಕ

ಸೊಳ್ಳೆಯ ಲೆಕ್ಕಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅದಕ್ಕೂ ಮೊದಲು ಸ್ವಲ್ಪ ಕಾಲ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ. 1902ರಲ್ಲಿ ನೊಬೆಲ್ ಬಂತು. ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ರೋಗ ತಾನಾಗಿ ಆರುತ್ತದೆ ಎಂದು ಆಮೇಲೆ ಗಣಿತ ಹಾಕಿ ತೋರಿಸಿದವನೂ ಅವನೇ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅದನ್ನು ಮುಂದುವರಿಸಿ, ಎಷ್ಟು ಸೊಳ್ಳೆ ಅನ್ನೋದಕ್ಕಿಂತ ಸೊಳ್ಳೆ ಎಷ್ಟು ದಿನ ಬದುಕುತ್ತದೆ ಅನ್ನೋದು ಮುಖ್ಯ ಎಂದ. ಮೂಡಿಗೆರೆ, ಸಕಲೇಶಪುರದ ಕಡೆಗೆ ಹೆಣ್ಣು ಕೊಡಲು ಚಳಿಜ್ವರಕ್ಕೆ ಹೆದರುತ್ತಿದ್ದ ಕಾಲವನ್ನು ನಮ್ಮಜ್ಜಿ ಹೇಳುತ್ತಿದ್ದರು. ಆ ಹೆದರಿಕೆ ಇಳಿಸಿದ್ದು ಮನೆಯ ಗೋಡೆಗೆ ಹೊಡೆದ ಡಿಡಿಟಿ. ಅದು ಯಾಕೆ ಕೆಲಸ ಮಾಡಿತು ಅನ್ನೋದನ್ನು ಹೇಳುವುದೂ ಇದೇ ಲೆಕ್ಕ.

ಡೆಂಗಿ ಸೊಳ್ಳೆ ರೋಗಿಯನ್ನು ಕಚ್ಚಿದ ಕೂಡಲೇ ರೋಗ ಹರಡಲಾರದು. ವೈರಸ್ ಅದರ ಹೊಟ್ಟೆಯಿಂದ ಬಾಯಿಗೆ ಬರಲು ದಿನ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಸರಾಸರಿ 15 ದಿನ, 30 ಡಿಗ್ರಿಯಲ್ಲಿ ಆರೂವರೆ ದಿನ. ನಡುವೆ 10 ಅಂತ ಹಿಡಿಯಿರಿ. ದಿನಕ್ಕೆ ನೂರಕ್ಕೆ 90 ಬದುಕುಳಿದರೆ, ಹತ್ತು ದಿನ ದಾಟುವವು 35. ನೂರಕ್ಕೆ 80 ಬದುಕುಳಿದರೆ? ಬರೀ 11. ಹತ್ತು ದಿನದ ಆಚೆಗೆ ಅವು ಬದುಕುವ ದಿನವೂ ಅರ್ಧಕ್ಕಿಂತ ಕಡಿಮೆ. ಎರಡನ್ನೂ ಗುಣಿಸಿದರೆ ರೋಗ ಹರಡುವ ಶಕ್ತಿ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಪಾಯ ಇರುವುದು ಮುದಿ ಸೊಳ್ಳೆಯಲ್ಲಿ. ಆದ್ದರಿಂದ ರೋಗಿಯ ಮನೆಯ ಒಳಗೆ, ಅಕ್ಕಪಕ್ಕದ ಮನೆಗಳ ಒಳಗೆ ತಕ್ಷಣ ಔಷಧಿ ಹೊಡೆದರೆ ಪ್ರಯೋಜನ ಇದೆ. ವೈರಸ್ ಹೊತ್ತ ಸೊಳ್ಳೆ ಅಲ್ಲೇ ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಯ ಹಿಂದೆ ಕೂತಿರುತ್ತದೆ. ಬೀದಿ ಉದ್ದಕ್ಕೂ ಹೊಡೆದ ಹೊಗೆ ಅಲ್ಲಿಗೆ ಹೋಗುವುದೇ ಕಷ್ಟ.

ಇಲ್ಲೊಂದು ತಪ್ಪು ಮಾಡಿದೆವು. ಹುಡುಗ ಹವಾಮಾನದ ಅಂಕಿ ಇಳಿಸಿಕೊಂಡು ಹೊರಗಿನ ತಂಪನ್ನೇ ಹಾಕಿದ. ರೋಗ ತಾನಾಗಿ ಆರಿಹೋಗುತ್ತದೆ ಅಂತ ಕಂಪ್ಯೂಟರ್ ಹೇಳಿತು. ಊರಲ್ಲಿ ಮಾತ್ರ ಜ್ವರ ನಿಂತಿರಲಿಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಮನೆಯೊಳಗಿನ ಸೊಳ್ಳೆ, ಅದಕ್ಕೆ ತಾಗುವುದು ಆರ್‌ಸಿಸಿ ಮನೆಯ ಒಳಗಿನ ಸೆಕೆ ಎಂದು ಹೊಳೆಯಲು ಒಂದು ದಿನ ಪೂರ್ತಿ ಹಾಳಾಯಿತು.

ಇಷ್ಟಾದ ಮೇಲೆ ಹುಡುಗ ಪೈಥಾನ್‌ಗೆ ಹೋದ. ನೂರ ಚಿಲ್ಲರೆ ಮನೆ, ಪ್ರತಿ ಮನೆಗೆ ಜನ, ಪ್ರತಿ ಮನೆಗೆ ತೊಟ್ಟಿ, ಡ್ರಮ್ಮು. ಒಂದೊಂದು ಪಾತ್ರೆಯ ಸೊಳ್ಳೆಯನ್ನೂ ಬೇರೆಬೇರೆಯಾಗಿ ಲೆಕ್ಕ ಇಡುವ ಪದ್ಧತಿ ಹೊಸದೇನಲ್ಲ. ಸಿಮ್‌ಸಿಮ್ ಎಂಬ ಮಾದರಿ 1993ರಲ್ಲೇ ಆ ಕೆಲಸ ಮಾಡಿತ್ತು. ನಮ್ಮದು ಅದರ ಮುಂದೆ ಮಕ್ಕಳಾಟ. ಆದರೂ ಸೊಳ್ಳೆ ಯಾರನ್ನು ಕಚ್ಚುತ್ತದೆ ಅನ್ನೋದನ್ನು ಅದೃಷ್ಟಕ್ಕೆ ಬಿಟ್ಟು, ಒಂದೊಂದು ಯೋಜನೆಯನ್ನೂ ಐನೂರು ಸಲ ಓಡಿಸಿದಾಗ ನನಗೆ ಬುದ್ಧಿ ಬಂತು. ಕೆಲವು ಸಲ ಏನೂ ಮಾಡದಿದ್ದರೂ ರೋಗ ಒಂದೆರಡು ಮನೆಯಲ್ಲೇ ಆರಿತು. ಕೆಲವು ಸಲ ಎಲ್ಲ ಸರಿಯಾಗಿ ಮಾಡಿದರೂ ಹಬ್ಬಿತು. ಹೋದ ವರ್ಷ ಹೊಗೆ ಹೊಡೆಸಿದ್ವಿ, ನಿಂತಿತ್ತು ಅನ್ನುವ ಮಾತಿಗೆ ಎಷ್ಟು ತೂಕ ಕೊಡಬೇಕು ಅಂತ ಅವತ್ತು ತಿಳಿಯಿತು.

ಇನ್ನೊಂದು ವಿಷಯ. ಡೆಂಗಿ ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಜ್ವರವೇ ಗೊತ್ತಾಗುವ ಹಾಗೆ ಬರುವುದಿಲ್ಲ. ಜ್ವರ ಬಾರದವರಿಂದಲೂ ಸೊಳ್ಳೆಗೆ ವೈರಸ್ ಹತ್ತುತ್ತದೆ. ಜ್ವರ ಬಂದ ಮನೆಯ ಸುತ್ತ ಮಾತ್ರ ಓಡಾಡಿದರೆ ನಾವು ಬೆಂಕಿ ಬಿಟ್ಟು ಹೊಗೆಯ ಹಿಂದೆ ಹೋದ ಹಾಗೆ.

ಆಶಾ ಅಕ್ಕ ಹಾಳೆ ತಿದ್ದಿದ್ದು

ನಮ್ಮ ಆಶಾ ಕಾರ್ಯಕರ್ತೆಗೆ ಲ್ಯಾಪ್‌ಟಾಪ್ ತೋರಿಸಿದೆವು. ಪರದೆಯ ಮೇಲೆ ಚುಕ್ಕಿಗಳು ಓಡಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಮೇಷ್ಟ್ರೇ, ಹಗಲು ಹನ್ನೊಂದು ಗಂಟೆಗೆ ನಿಮ್ಮ ಊರಲ್ಲಿ ಎಲ್ಲಾರೂ ಮನೇಲೇ ಇದಾರಲ್ಲ?" ಅಂದರು. ನಾನು ಪೆಚ್ಚಾದೆ. ಈ ಸೊಳ್ಳೆ ಕಚ್ಚುವುದೇ ಹಗಲು ಹೊತ್ತು. ಆಗ ಮಕ್ಕಳು ಸ್ಕೂಲಲ್ಲಿ, ಅಂಗನವಾಡಿಯಲ್ಲಿ. ಹೆಂಗಸರಲ್ಲಿ ಕೆಲವರು ಗಾರ್ಮೆಂಟ್ಸ್‌ಗೆ ಹೋಗಿರುತ್ತಾರೆ. ಗಂಡಸರು ಕೊಬ್ಬರಿ ಅಟ್ಟದ ಹತ್ತಿರ, ತೋಟದಲ್ಲಿ. ನಾವು ರಾತ್ರಿಯ ಊರನ್ನು ಕಟ್ಟಿ ಹಗಲಿನ ಸೊಳ್ಳೆ ಬಿಟ್ಟಿದ್ದೆವು. ಜನರನ್ನು ಅವರವರ ಹಗಲಿನ ಜಾಗಕ್ಕೆ ಕಳಿಸಿ ಮತ್ತೆ ಓಡಿಸಿದಾಗ ಸ್ಕೂಲು ಬೀದಿಗಳ ನಡುವಿನ ಜಂಕ್ಷನ್ ಆಯಿತು. ಒಂದು ಬೀದಿಯ ವೈರಸ್ ಇನ್ನೊಂದು ಬೀದಿಗೆ ಹಾರಿದ್ದು ಸೊಳ್ಳೆಯ ರೆಕ್ಕೆಯ ಮೇಲಲ್ಲ, ಮಕ್ಕಳ ಮೈಯಲ್ಲಿ. ಬಿಸಿಯೂಟದ ಕೋಣೆಯ ಹಿಂದಿನ ಎರಡು ಡ್ರಮ್ಮುಗಳು ನಮ್ಮ ಪಟ್ಟಿಯ ಮೊದಲ ಸಾಲಿಗೆ ಬಂದವು.

ಅವರು ತಿದ್ದಿದ ಎರಡನೇ ತಪ್ಪು ಇನ್ನೂ ದೊಡ್ಡದು. ಸರ್ವೆಯಲ್ಲಿ ಮರಿ ಇರುವ ಪಾತ್ರೆಗಳನ್ನು ಎಣಿಸುತ್ತಾರೆ. ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಮರಿ ಅನ್ನೋದಕ್ಕೆ ಬ್ರೆಟೋ ಸೂಚ್ಯಂಕ ಅಂತಾರೆ. ಆ ಎಣಿಕೆಯಲ್ಲಿ ತೆಂಗಿನ ಚಿಪ್ಪೂ ಒಂದೇ, ಸಾವಿರ ಲೀಟರಿನ ತೊಟ್ಟಿಯೂ ಒಂದೇ. ನಮ್ಮ ಕಡೆ ಚಿಪ್ಪು, ಎಳನೀರು ಬುರುಡೆ ಹಿತ್ತಿಲ ತುಂಬ. ಹಾಗಾಗಿ ಕಂಪ್ಯೂಟರ್ ಚಿಪ್ಪು ಆರಿಸಿ ಅಂತ ಹೇಳುತ್ತಿತ್ತು. ಆಶಾ ಅಕ್ಕ ಬ್ಯಾಟರಿ ಹಿಡಿದು ನಮ್ಮನ್ನು ಮನೆ ಮನೆಗೆ ಕರೆದುಕೊಂಡು ಹೋದರು. ಚಿಪ್ಪಿನಲ್ಲಿ ನಾಲ್ಕು ಮರಿ ಇದ್ದರೂ ಎರಡು ದಿನ ಬಿಸಿಲು ಬಂದರೆ ಒಣಗಿ ಹೋಗುತ್ತದೆ. ರೆಕ್ಕೆ ಬರುವ ಮುಂಚಿನ ಹಂತ ಪ್ಯೂಪಾ. ಅಲ್ಪವಿರಾಮದ ಚಿಹ್ನೆಯ ಹಾಗೆ ಬಾಗಿರುತ್ತದೆ. ಇನ್ನೆರಡು ದಿನದಲ್ಲಿ ಹಾರುವುದು ಅದೇ. ಅವು ಗುಂಪಾಗಿ ಸಿಕ್ಕಿದ್ದು ಬಚ್ಚಲ ಪಕ್ಕದ ಸಿಮೆಂಟ್ ತೊಟ್ಟಿ, ಮುಚ್ಚಳ ಇಲ್ಲದ ನೀಲಿ ಡ್ರಮ್ಮುಗಳಲ್ಲಿ. ಅದೂ ಎಲ್ಲ ಮನೆಯಲ್ಲೂ ಅಲ್ಲ, ಕೆಲವೇ ಮನೆಗಳಲ್ಲಿ.

ಮರಿ ಎಣಿಸುವುದು ಬಿಟ್ಟು ಪ್ಯೂಪಾ ಎಣಿಸಿ ಪ್ರತಿ ಪಾತ್ರೆಗೂ ತೂಕ ಕೊಟ್ಟೆವು. ಚಿಪ್ಪು ಕೆಳಕ್ಕೆ ಹೋಯಿತು, ತೊಟ್ಟಿ ಮೇಲೆ ಬಂತು. ನಮ್ಮ ಮನೆಯ ಹಿತ್ತಿಲ ಒರಳುಕಲ್ಲೂ ಪಟ್ಟಿಯಲ್ಲಿತ್ತು ಅನ್ನೋದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹತ್ತು ದಿನದ ಗಂಟು

ಆಮೇಲೆ ಎಲ್ಲರೂ ಹೇಳುವ ಸಲಹೆ: ವಾರಕ್ಕೊಂದು ಡ್ರೈ ಡೇ, ಇರುವ ನೀರು ಚೆಲ್ಲಿ. ಮೊಟ್ಟೆ ಒಡೆದು ರೆಕ್ಕೆ ಬರಲು ಎಂಟು ದಿನ ಅಂದರೆ ಏಳನೇ ದಿನ ಚೆಲ್ಲಿದರೆ ಒಂದು ಸೊಳ್ಳೆಯೂ ಹಾರುವುದಿಲ್ಲ. ಕಂಪ್ಯೂಟರಿನಲ್ಲಿ ಅದ್ಭುತ ಫಲಿತಾಂಶ. ಊರಲ್ಲಿ ಹೇಳಿದಾಗ ಮೊದಲ ಮನೆಯ ಅಜ್ಜಿ ಬೈದು ಕಳಿಸಿದರು. "ಹತ್ ದಿನಕ್ಕೊಂದ್ ಸಲ ನೀರ್ ಬಿಡ್ತೀರ, ಏಳ್ ದಿನಕ್ಕೆ ಚೆಲ್ಲು ಅಂತೀರ. ಮೂರ್ ದಿನ ಏನ್ ಕುಡೀಲಿ?" ಇದಕ್ಕೆ ಯಾವ ಗಣಿತದಲ್ಲೂ ಉತ್ತರ ಇಲ್ಲ. 200 ರೂಪಾಯಿ ದಂಡ ಹಾಕಿದರೂ ಆ ಅಜ್ಜಿ ಚೆಲ್ಲುವುದಿಲ್ಲ. ಚೆಲ್ಲಬಾರದು ಕೂಡ.

ಆಗ ನೆನಪಾದದ್ದು ನೀರುಗಂಟಿ. ಯಾವ ಬೀದಿಯ ವಾಲ್ವ್ ಯಾವತ್ತು ತೆರೆದ, ಎಷ್ಟು ಹೊತ್ತು ಬಿಟ್ಟ ಅನ್ನೋದನ್ನು ಅವರು ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದರು. ಜಗಳ ಬಂದಾಗ ತೋರಿಸೋಕೆ ಬೇಕಾಗುತ್ತೆ ಅಂತ. ಡೆಂಗಿಗೂ ತಮ್ಮ ಡೈರಿಗೂ ಏನು ಸಂಬಂಧ ಅಂತ ಅವರು ಅನುಮಾನದಿಂದಲೇ ಕೊಟ್ಟರು. ಪ್ಯೂಪಾ ಎಣಿಕೆ ಬಿಟ್ಟರೆ, ನಮ್ಮ ಹತ್ತಿರ ಇದ್ದ ಅಂಕಿಗಳಲ್ಲಿ ಊರಲ್ಲೇ ನಿಜವಾಗಿ ಅಳೆದು ಬರೆದದ್ದು ಅಂದರೆ ಅದೊಂದೇ.

ಡೈರಿಯನ್ನು ಒಳಗೆ ಹಾಕಿದೆವು. ಹತ್ತು ದಿನಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತುಂಬುತ್ತಾರೆ ಅನ್ನಿ. ಎಂಟು ದಿನ ಬೇಕು ಅಂದರೆ ಮೊದಲ ಎರಡು ದಿನ ಒಡೆದ ಮೊಟ್ಟೆ ಮಾತ್ರ ಸೊಳ್ಳೆಯಾಗುತ್ತದೆ. ದಿನಾ ಒಂದೇ ಸಮ ಒಡೆದರೆ ಹತ್ತರಲ್ಲಿ ಎರಡು, ನೂರಕ್ಕೆ 20. ಪರವಾಗಿಲ್ಲ ಅನ್ನಿಸಿತು. ಆದರೆ ಮೊಟ್ಟೆ ಒಂದೇ ಸಮ ಒಡೆಯುವುದಿಲ್ಲ. ಈಡಿಸ್ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಬಳಸುತ್ತಾ ಬಂದ ಹಾಗೆ ನೀರು ಇಳಿಯುತ್ತದೆ, ಮೊಟ್ಟೆ ಗೋಡೆಯಲ್ಲೇ ಒಣಗಿಕೊಂಡು ಕಾಯುತ್ತದೆ. ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತನೇ ದಿನ ನಲ್ಲಿ ಬಂದು ನೀರು ಏರಿದಾಗ ಗೋಡೆಯ ಮೊಟ್ಟೆಗಳು ಒಟ್ಟಿಗೆ ಒಡೆಯುತ್ತವೆ. ಅರ್ಧದಷ್ಟು ಮೊಟ್ಟೆ ಅದೇ ದಿನ ಒಡೆಯುತ್ತದೆ ಅಂತ ಹಿಡಿದರೂ 20 ಇದ್ದದ್ದು 60 ಆಗುತ್ತದೆ. ನೀರು ಬರುವ ದಿನವೇ ಸೊಳ್ಳೆ ಬಿತ್ತುವ ದಿನ.

ಹಾಗಾದರೆ ಚೆಲ್ಲುವುದಕ್ಕಿಂತ ತಿಕ್ಕುವುದು ದೊಡ್ಡ ಕೆಲಸ. ಯಾವಾಗ ತಿಕ್ಕಬೇಕು? ನೀರು ಬರುವ ಹಿಂದಿನ ದಿನ. ಅವತ್ತು ತೊಟ್ಟಿಯ ತಳದಲ್ಲಿ ಉಳಿದಿರುವುದು ಎರಡು ಕೊಡ. ಅದನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಹಾಕಿಕೊಂಡರೆ ಒಂದು ತೊಟ್ಟೂ ದಂಡವಾಗುವುದಿಲ್ಲ. ತೆಂಗಿನ ಗುಂಜಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗೋಡೆ ತಿಕ್ಕಿ ತೊಳೆದರೆ ಆಯಿತು. ಗುಂಜಿಗೆ ನಮ್ಮೂರಲ್ಲಿ ಬರವೇ?

ಇಡೀ ಊರಿಗೆ ಒಂದೇ ಡ್ರೈ ಡೇ ಬೇಡ. ಪ್ರತಿ ಬೀದಿಗೆ ಅದರದೇ ದಿನ, ಡೈರಿಯ ಪ್ರಕಾರ. ನೀರುಗಂಟಿ ಹಿಂದಿನ ದಿನ ಸೈಕಲ್ಲಿನಲ್ಲಿ ಒಂದು ಸುತ್ತು ಬಂದು "ನಾಳೆ ನಿಮ್ ಬೀದಿಗೆ ನೀರು" ಅಂತ ಕೂಗುವುದು. ಇದು ಮೊದಲೂ ಇತ್ತು. ಈಗ ಅದರ ಜೊತೆ "ಇವತ್ತು ತೊಟ್ಟಿ ತಿಕ್ಕಿ" ಅನ್ನೋ ಮಾತು ಸೇರಿತು. ಆಶಾ ಅಕ್ಕನಿಗೂ ಇದು ಹಿಡಿಸಿತು. ಒಂದೇ ದಿನ ನೂರು ಮನೆ ನೋಡುವ ಬದಲು ದಿನಕ್ಕೆ ಹತ್ತು ಹನ್ನೆರಡು ಮನೆ. ಹೊರಗಿಂದ ಒಂದು ಶುಕ್ರವಾರ ಗೊತ್ತು ಮಾಡಿದ್ದರೆ ಶುಕ್ರವಾರ ಕೊಡ ಬರಿದು ಮಾಡಬಾರದು ಅನ್ನುವ ತಕರಾರೂ ಬರುತ್ತಿತ್ತು, ಅಲ್ವಾ?

ತಿಕ್ಕಲಾಗದ ಸಂಪುಗಳಿಗೆ ಗಪ್ಪಿ ಮೀನು ಬಿಟ್ಟೆವು. ಡ್ರಮ್ಮಿಗೆ ಹಳೆ ಪಂಚೆ ಕಟ್ಟಿಸಿದೆವು. ಹೊಗೆ ಪೂರ್ತಿ ಬಿಡಲಿಲ್ಲ. ಹೊಸ ಜ್ವರ ಖಚಿತವಾದ ಮನೆ ಮತ್ತು ಅದರ ನೆರೆಹೊರೆಗೆ ಮಾತ್ರ, ಮನೆಯೊಳಗೆ. ಎರಡನ್ನೂ ಒಟ್ಟಿಗೆ ಮಾಡಿದರೆ ನಮ್ಮ ಮೊದಲ ಹಾಳೆಯ ಇನ್ನೂರು ಸೊಳ್ಳೆ ಒಂದೇ ವಾರಕ್ಕೆ 79ಕ್ಕೆ ಇಳಿಯುತ್ತದೆ.

ಏನಾಯಿತು

ಮೊದಲ ಎರಡು ವಾರ ಏನೂ ಆಗಲಿಲ್ಲ. ಜ್ವರ ಬರುತ್ತಲೇ ಇತ್ತು. "ಹೊಗೆ ಹೊಡೆಸಿದ್ರೆ ಆಗಿರೋದು" ಅನ್ನೋರು ಜಾಸ್ತಿಯಾದರು. ಇದು ಹೀಗೇ ಆಗುತ್ತದೆ ಅಂತ ಮೊದಲೇ ಹೇಳಿಟ್ಟದ್ದು ನಮ್ಮನ್ನು ಕಾಪಾಡಿತು. ಸೊಳ್ಳೆಯೊಳಗೆ ಹತ್ತು ದಿನ, ಮನುಷ್ಯನೊಳಗೆ ಜ್ವರ ಬರುವ ಮುಂಚೆ ಐದಾರು ದಿನ. ಇವತ್ತು ತೊಟ್ಟಿ ತಿಕ್ಕಿದ್ದು ಜ್ವರದ ಲೆಕ್ಕದಲ್ಲಿ ಕಾಣಲು ಎರಡು ಮೂರು ವಾರ ಬೇಕು. ಪಂಚಾಯಿತಿಯ ಗೋಡೆಗೆ ಹಾಕಿದ್ದ ಕ್ಯಾಲೆಂಡರಿನಲ್ಲಿ ಆ ವಾರಗಳಿಗೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ.

ಆಮೇಲೆ ಜ್ವರ ಕಡಿಮೆಯಾಯಿತು. ನಮ್ಮಿಂದಲೇ ಅಂತ ಹೇಳಲು ನನಗೆ ಧೈರ್ಯವಿಲ್ಲ. ಅಷ್ಟರಲ್ಲಿ ಮಳೆ ಹಿಂದೆ ಸರಿದಿತ್ತು, ರಾತ್ರಿ ಚಳಿ ಶುರುವಾಗಿತ್ತು. ತಿಕ್ಕದ ಊರೊಂದನ್ನು ಪಕ್ಕದಲ್ಲಿಟ್ಟು ಹೋಲಿಸುವ ಹಾಗೆ ನಾವು ಕೆಲಸ ಮಾಡಿರಲಿಲ್ಲ. ಪ್ಯೂಪಾ ಕಡಿಮೆಯಾದದ್ದನ್ನು ಮಾತ್ರ ಬ್ಯಾಟರಿ ಬೆಳಕು ಬಿಟ್ಟು ಕಣ್ಣಾರೆ ನೋಡಿದೆವು. ಅದೂ ಮೂರನೇ ಬೀದಿಯಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ಎರಡು ಬೀಗ ಹಾಕಿದ ಮನೆಗಳಿದ್ದವು, ಯಜಮಾನರು ಬೆಂಗಳೂರಿನಲ್ಲಿ. ಬೀಗ ಹಾಕಿದ ಮನೆ ನಮ್ಮ ಕಂಪ್ಯೂಟರಿನಲ್ಲಿ ಇರಲೇ ಇಲ್ಲ.

ಇದೇ ಸಲಹೆಯನ್ನು ಎಲ್ಲ ಕಡೆಗೂ ಒಯ್ಯಬೇಡಿ. ಪಕ್ಕದ ಚಿಕ್ಕಮಗಳೂರಿನ ಕೊಪ್ಪ, ಎನ್.ಆರ್.ಪುರದ ಕಡೆ ಕಾಟ ಕೊಡುವ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಅದು ಎಂಟು ಕಾಲಿನ ಪ್ರಾಣಿ, ಕೀಟವೇ ಅಲ್ಲ. ಅದರ ಲೆಕ್ಕದಲ್ಲಿ ತೊಟ್ಟಿ ಬರುವುದಿಲ್ಲ, ಕಾಡಿನ ಅಂಚು, ದನ, ಸೌದೆಗೆ ಹೋಗುವ ದಾರಿ ಬರುತ್ತವೆ.

ನವೆಂಬರಿನಲ್ಲಿ ಬೋರ್‌ವೆಲ್ಲಿನ ಮೋಟರ್ ಸುಟ್ಟಿತು. ಹತ್ತು ದಿನದ ಸರದಿ ಹದಿನಾಲ್ಕಾಯಿತು. ಹುಡುಗ ಆ ರಾತ್ರಿಯೇ ಹೊಸ ಅಂಕಿ ಹಾಕಿ ಓಡಿಸಿದ. ಹದಿನಾಲ್ಕರಲ್ಲಿ ಮೊದಲ ಆರು ದಿನ ಒಡೆದದ್ದೆಲ್ಲ ಸೊಳ್ಳೆಯಾಗುತ್ತದೆ, ಅಂದರೆ ಗೋಡೆ ತಿಕ್ಕಿದರೂ ನೂರಕ್ಕೆ 43. ನಡುವೆ ಏಳನೇ ದಿನ ಇನ್ನೇನಾದರೂ ಮಾಡಲೇಬೇಕು, ತೊಟ್ಟಿಗೆ ಮರಿ ಸಾಯಿಸುವ ಔಷಧಿ ಟೆಮಿಫಾಸ್ ಹಾಕಿಸೋಣ ಅಂತ ಬೆಳಿಗ್ಗೆ ಪ್ರಿಂಟ್ ಹಿಡಿದು ಆಶಾ ಅಕ್ಕನ ಮನೆಗೆ ಹೋದೆವು. ಅವರು ಇರಲಿಲ್ಲ. ಮೋಟರ್ ಸುಟ್ಟ ಸುದ್ದಿ ನೀರುಗಂಟಿಯಿಂದ ಹಿಂದಿನ ಸಂಜೆಯೇ ಗೊತ್ತಾಗಿ, ಔಷಧಿ ತರಲು ಮೊದಲ ಬಸ್ಸಿಗೇ ಆರೋಗ್ಯ ಕೇಂದ್ರಕ್ಕೆ ಹೋಗಿದ್ದರು.